ಸಂಜೆ ಆದ್ರೆ ಸಾಕು ಕಂಪ್ಯೂಟರಲ್ಲಿ ನೆಟ್ ಹೋಗುತ್ತೆ, ವೈಫೈ ಮಾತ್ರ ಕನೆಕ್ಟ್ ಆಗೇ ಇರುತ್ತೆ, ಮೂರು ವಾರದಿಂದ ಇದೇ ಪಾಡು

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡ್ತೀನಿ, ಫೈಲ್ ಕಳಿಸೋದು ಹೆಚ್ಚಾಗಿ ರಾತ್ರಿ ಹೊತ್ತು. ಫೈಬರ್ ಕನೆಕ್ಷನ್, ಕಂಪ್ಯೂಟರ್ ವಿಂಡೋಸ್ 11, ವೈಫೈಯಲ್ಲಿ ಓಡುತ್ತೆ. ಮೂರು ವಾರದಿಂದ ಸಂಜೆ ಏಳು, ಏಳೂವರೆ ಆಯ್ತು ಅಂದ್ರೆ ನೆಟ್ ಕೈ ಕೊಡೋಕೆ ಶುರು. ವೈಫೈ ಗುರುತು ಹಾಗೇ ಇರುತ್ತೆ, ಸಿಗ್ನಲ್ ಪೂರ್ತಿ ಇರುತ್ತೆ, ಆದ್ರೆ 'ನೋ ಇಂಟರ್ನೆಟ್' ಅಂತ ಬರುತ್ತೆ. ಐದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ತಾನಾಗೇ ವಾಪಸ್ ಬರುತ್ತೆ, ಇನ್ನೇನು ಸರಿಹೋಯ್ತು ಅನ್ನೋವಷ್ಟರಲ್ಲಿ ಮತ್ತೆ ಹೋಗುತ್ತೆ. ವೈಫೈ ಆಫ್ ಮಾಡಿ ಆನ್ ಮಾಡಿದ್ರೆ ಕೆಲವು ಸಲ ಬರುತ್ತೆ, ಕೆಲವು ಸಲ ಇಲ್ಲ. ಹಗಲು ಹೊತ್ತಲ್ಲಿ ಒಂದೇ ಒಂದು ಸಲಾನೂ ಆಗಿಲ್ಲ.

ಫೋನಲ್ಲಿ ನೆಟ್ ಚೆನ್ನಾಗೇ ಬರ್ತಿರುತ್ತೆ, ಹಾಗಾಗಿ ಕಂಪ್ಯೂಟರ್ದೇ ತೊಂದರೆ ಅಂದ್ಕೊಂಡು ಡ್ರೈವರ್ ಅಪ್‌ಡೇಟ್ ಮಾಡ್ದೆ, ನೆಟ್‌ವರ್ಕ್ ರಿಸೆಟ್ ಮಾಡ್ದೆ, ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದೀನೋ ಲೆಕ್ಕ ಇಲ್ಲ. ಕನೆಕ್ಷನ್ ಕೊಟ್ಟವರಿಗೆ ಎರಡು ಸಲ ಕಂಪ್ಲೇಂಟ್ ಕೊಟ್ಟೆ, ಟೆಕ್ನಿಶಿಯನ್ ಬಂದಿದ್ದು ಮಧ್ಯಾಹ್ನ, ಸ್ಪೀಡ್ ಟೆಸ್ಟ್ ಮಾಡಿ ತೋರಿಸಿ ಎಲ್ಲ ಸರಿ ಇದೆ ಅಂತ ಹೇಳಿ ಹೋದ್ರು. ಮೊನ್ನೆ ರಾತ್ರಿ ಕೊಡಲೇಬೇಕಿದ್ದ ಕೆಲಸ ಅಪ್‌ಲೋಡ್ 94 ಪರ್ಸೆಂಟಿಗೆ ಬಂದು ನಿಂತುಬಿಡ್ತು, ಮತ್ತೆ ಮೊದಲಿಂದ ಹಾಕಿ, ಮತ್ತೆ ನಿಂತು, ಕೊನೆಗೆ ಫೋನಿನ ಹಾಟ್‌ಸ್ಪಾಟ್ ಇಟ್ಟು ಕಳಿಸೋವಾಗ ಕೈ ನಡುಗ್ತಿತ್ತು. ಯಾರಿಗಾದ್ರೂ ಹೀಗೆ ಆಗಿದ್ರೆ ಹೇಳಿ ಪ್ಲೀಸ್.

ಹಳೇಕೀಬೋರ್ಡ್:
ಮೇಡಂ ನನಗೂ ಥೇಟ್ ಹಿಂಗೇ ಆಗ್ತಿತ್ತು. ವೈಫೈ ಇರೋದು, ನೆಟ್ ಇಲ್ಲ ಅನ್ನೋದು. ಡಿಎನ್‌ಎಸ್ ಬದಲಾಯಿಸಿ. ವೈಫೈ ಪ್ರಾಪರ್ಟೀಸಲ್ಲಿ ಡಿಎನ್‌ಎಸ್ ಆಟೋಮ್ಯಾಟಿಕ್ ಅಂತ ಇರೋದನ್ನ ಮ್ಯಾನುವಲ್ ಮಾಡಿ 8.8.8.8, ಎರಡನೇದಕ್ಕೆ 1.1.1.1 ಹಾಕಿ. ಮೊದಲನೇದು ಗೂಗಲ್‌ದು, ಎರಡನೇದು ಕ್ಲೌಡ್‌ಫ್ಲೇರ್‌ದು, ಎರಡೂ ಫ್ರೀ. ನಾನು ಹಾಕಿದ ದಿನದಿಂದ ಒಂದು ಸಲಾನೂ ತೊಂದರೆ ಬಂದಿಲ್ಲ.

ಅಂಗಳದಗುಬ್ಬಿ:
ಸಂಜೆ ಮಾತ್ರ ಆಗುತ್ತೆ ಅಂದ್ರೆ ಲೈನಲ್ಲಿ ಜನ ಜಾಸ್ತಿ ಆಗಿರ್ತಾರೆ ಅಷ್ಟೇ. ಎಲ್ಲರೂ ಮನೆಗೆ ಬಂದು ವಿಡಿಯೋ ಹಾಕ್ಕೊಂಡು ಕೂರೋ ಹೊತ್ತು. ಕನೆಕ್ಷನ್ ಕೊಟ್ಟವರನ್ನ ಬಿಡಬೇಡಿ, ದಿನಾ ಫೋನ್ ಮಾಡಿ. ಅಲ್ಲೀವರೆಗೆ ರೂಟರಿಗೆ ಒಂದು ಟೈಮರ್ ಪ್ಲಗ್ ಹಾಕಿ ಸಂಜೆ ಆರೂವರೆಗೆ ಒಂದು ಸಲ ರೀಸ್ಟಾರ್ಟ್ ಆಗೋ ಹಾಗೆ ಇಡಿ, ನಮ್ಮನೇಲಿ ಹಾಗೇ ಮಾಡಿರೋದು.

ತಾಮ್ರದತಂತಿ:
ಮೇಡಂ, ಒಂದ ಮಾತ ಕೇಳ್ರಿ. ಇನ್ನ ಮ್ಯಾಲೆ ಏನೂ ಬದಲಿ ಮಾಡಬ್ಯಾಡ್ರಿ. ಡಿಎನ್‌ಎಸ್ ಬ್ಯಾಡ, ಟೈಮರ್ ಬ್ಯಾಡ, ಡ್ರೈವರ್ ಅಂತೂ ಬ್ಯಾಡೇ ಬ್ಯಾಡ. ನಾನು ಕೇಬಲ್ ಎಳೆಯೋದು, ನೆಟ್‌ವರ್ಕ್ ನೋಡ್ಕೊಳ್ಳೋದು ಇದೇ ಕೆಲಸದಾಗ ಹದಿನಾರು ವರ್ಷ ಕಳದೀನಿ. ಬಂದು ಬಂದು ಹೋಗೋ ತೊಂದರೆ ಯಾಕ ಸಿಗೂದಿಲ್ಲ ಅಂದ್ರ, ಅದು ಇಲ್ಲದಾಗ ಹುಡುಕ್ತೀವಿ, ಅದು ಇದ್ದಾಗ ಗಾಬರಿಯಾಗಿ ರೀಸ್ಟಾರ್ಟ್ ಮಾಡಿ ಅದರ ಗುರುತೆಲ್ಲಾ ಅಳಿಸಿಬಿಡ್ತೀವಿ. ಟೆಕ್ನಿಶಿಯನ್ ಮಧ್ಯಾಹ್ನ ಬಂದ್ರ ಅವರಿಗೆ ಕಾಣೋದಾದ್ರೂ ಏನು.

ನೆಟ್ ಹೋಯ್ತು ಅಂದ್ರ ಎಲ್ಲಿ ಹೋಯ್ತು ಅನ್ನೋದು ಮೊದಲು ಗೊತ್ತಾಗಬೇಕು. ಕಂಪ್ಯೂಟರಿಂದ ರೂಟರ್ ತನಕ ಒಂದು ದಾರಿ, ರೂಟರಿಂದ ಹೊರಗಿನ ಲೋಕಕ್ಕ ಇನ್ನೊಂದು ದಾರಿ, ಹೆಸರನ್ನ ನಂಬರ್ ಮಾಡಿ ಕೊಡೋ ಡಿಎನ್‌ಎಸ್ ಮೂರನೇದು. ನಾಳೆ ಸಂಜೆ ಆರೂವರೆಗೇ ಮೂರು ಕಪ್ಪು ಕಿಟಕಿ ತೆಗೆದು ಇಡ್ರಿ, ಅಂದ್ರ ಕಮಾಂಡ್ ಪ್ರಾಂಪ್ಟ್. ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಟೈಪ್ ಮಾಡಿದ್ರ ಸಿಗ್ತದ. ಪಿಂಗ್ ಅಂದ್ರ ಒಂದು ವಿಳಾಸದಿಂದ ಉತ್ತರ ಬರ್ತದೋ ಇಲ್ಲೋ ಅಂತ ಕೇಳಿ ನೋಡೋ ಕಮಾಂಡ್. ಒಂದರಾಗ ಪಿಂಗ್ 192.168.1.1 -ಟಿ, ಎರಡನೇದರಾಗ ಪಿಂಗ್ 8.8.8.8 -ಟಿ, ಮೂರನೇದರಾಗ ಯಾವುದಾದರೂ ಸೈಟಿನ ಹೆಸರು ಹಾಕಿ ಪಿಂಗ್, ಅದಕ್ಕೂ ಕೊನೆಗೆ -ಟಿ. ಎಲ್ಲಾ ಇಂಗ್ಲಿಷ್ ಅಕ್ಷರದಾಗ. ಆ -ಟಿ ಹಾಕಿದ್ರ ನೀವು ನಿಲ್ಲಿಸೋ ತನಕ ಓಡ್ತಾನೇ ಇರ್ತದ. ನಿಮ್ಮ ರೂಟರ್ ನಂಬರ್ ಅದೇ ಹೌದೋ ಅಲ್ಲೋ ಐಪಿಕಾನ್ಫಿಗ್ ಅಂತ ಹೊಡೆದು 'ಡೀಫಾಲ್ಟ್ ಗೇಟ್‌ವೇ' ಸಾಲು ನೋಡ್ಕೊಳ್ರಿ. ನೆಟ್ ಹೋದ ಕೂಡಲೇ ಏನನ್ನೂ ಮುಟ್ಟದೇ ಮೂರೂ ಕಿಟಕಿಯೊಳಗ ಏನು ಬರ್ತಾ ಅದ ಅಂತ ಇದ್ದಹಾಂಗ ಬರದು ಹಾಕ್ರಿ.

ನೀಲಿಶಾಯಿ:
ಸರ್ ನಿಮ್ಮ ಮೆಸೇಜ್ ನೋಡೋಕೆ ಮುಂಚೆ ಡಿಎನ್‌ಎಸ್ ಬದಲಾಯಿಸಿಬಿಟ್ಟಿದ್ದೆ, ಕ್ಷಮಿಸಿ. ಅದರಿಂದ ಏನೂ ಆಗ್ಲಿಲ್ಲ, ನಿನ್ನೆ ರಾತ್ರಿ ಎಂಟೂಕಾಲಿಗೆ ಹೋಯ್ತು, ಮತ್ತೆ ಒಂಬತ್ತಕ್ಕೆ. ಈಗ ವಾಪಸ್ ಆಟೋಮ್ಯಾಟಿಕ್ ಮಾಡಿದೀನಿ. ಡೀಫಾಲ್ಟ್ ಗೇಟ್‌ವೇ 192.168.1.1 ಅಂತಾನೇ ಇದೆ. ಇವತ್ತು ಸಂಜೆ ನೀವು ಹೇಳಿದ ಹಾಗೇ ಮೂರು ಕಿಟಕಿ ತೆಗೆದಿಟ್ಟು ಕೂತ್ಕೋತೀನಿ.

ಬೆಳಗಿನಜಾವ:
ನಡುವೆ ಬರ್ತಿದೀನಿ ಬೇಜಾರ್ ಮಾಡ್ಕೋಬೇಡಿ, ನನ್ನದು ಹತ್ತಿರ ಹತ್ತಿರ ಇದೇ ತೊಂದರೆ, ಆದ್ರೆ ನನ್ನ ಲ್ಯಾಪ್‌ಟಾಪಲ್ಲಿ ವೈಫೈನೇ ಕಟ್ ಆಗುತ್ತೆ. ಅದೂ ಯಾವಾಗ ಅಂದ್ರೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಾಕಿ ಬ್ಯಾಕಪ್ ತಗೊಳ್ಳೋವಾಗ. ಮೊದಲು ಕಾಕತಾಳೀಯ ಅಂದ್ಕೊಂಡಿದ್ದೆ, ನಾಲ್ಕು ವಾರ ನೋಡ್ದೆ, ಪ್ರತೀ ಸಲ ಬ್ಯಾಕಪ್ ದಿನಾನೇ. ಡಿಸ್ಕಿಗೂ ವೈಫೈಗೂ ಏನು ಸಂಬಂಧ?

ಮೂರನೇಮೆಟ್ಟಿಲು:
ಸಂಬಂಧ ಖಂಡಿತ ಇದೆ. ಯುಎಸ್‌ಬಿ 3.0 ಡಿಸ್ಕ್ ಓಡೋವಾಗ ಆ ಕೇಬಲ್ಲಿಂದ, ಕನೆಕ್ಟರಿಂದ ರೇಡಿಯೋ ಗಲಾಟೆ ಹೊರಗೆ ಬರುತ್ತೆ, ಅದು 2.4 ಗಿಗಾಹರ್ಟ್ಸ್ ವೈಫೈ ಇರೋ ಜಾಗಕ್ಕೇ ಬೀಳುತ್ತೆ. ಇಂಟೆಲ್‌ನವರೇ 2012ರಲ್ಲಿ ಇದರ ಬಗ್ಗೆ ಅಳತೆ ಮಾಡಿ ಬರೆದಿದ್ದಾರೆ. ಡಿಸ್ಕನ್ನ ಲ್ಯಾಪ್‌ಟಾಪಿಗೆ ಅಂಟಿಸಿದ ಹಾಗೆ ಇಡಬೇಡಿ, ಕೇಬಲ್ ಸ್ವಲ್ಪ ಉದ್ದ ಇರೋದು, ಒಳ್ಳೇ ಕವಚ ಇರೋದು ತಗೊಂಡು ಒಂದು ಮೊಳ ದೂರ ಇಡಿ, ಸಾಧ್ಯ ಆದ್ರೆ ಇನ್ನೊಂದು ಬದಿಯ ಪೋರ್ಟಿಗೆ ಹಾಕಿ. ಇನ್ನೂ ಸುಲಭ ಅಂದ್ರೆ ಲ್ಯಾಪ್‌ಟಾಪನ್ನ 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ, ಅಲ್ಲಿ ಈ ಕಾಟ ಇಷ್ಟು ಇರಲ್ಲ. ರೂಟರಲ್ಲಿ ಚಾನೆಲ್ ಆರಿಸೋಕೆ ಬಂದ್ರೆ 36ರಿಂದ 48ರ ಒಳಗೆ ಇಡಿ, ಯಾಕಂದ್ರೆ 52ರಿಂದ ಮೇಲಿನ ಸುಮಾರು ಚಾನೆಲ್‌ಗಳಲ್ಲಿ ರೇಡಾರ್ ಸದ್ದು ಕೇಳಿದ ಕೂಡಲೇ ರೂಟರ್ ಜಾಗ ಬಿಟ್ಟು ಕೊಡಬೇಕು ಅಂತ ನಿಯಮ ಇದೆ, ಆವಾಗ ವೈಫೈ ಕಾರಣ ಇಲ್ಲದೇ ಮಾಯ ಆದ ಹಾಗೆ ಅನ್ಸುತ್ತೆ.

ಇನ್ನೊಂದು, ಡಿವೈಸ್ ಮ್ಯಾನೇಜರಲ್ಲಿ ವೈಫೈ ಅಡಾಪ್ಟರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಅಂತ ಟ್ಯಾಬ್ ಇದ್ರೆ ಅಲ್ಲಿ ಕರೆಂಟ್ ಉಳಿಸೋಕೆ ಈ ಸಾಧನ ಆಫ್ ಮಾಡಬಹುದು ಅನ್ನೋ ಟಿಕ್ ತೆಗೀರಿ. ಆದ್ರೆ ಒಂದು ದಿನ ಒಂದೇ ಬದಲಾವಣೆ ಮಾಡಿ. ಎರಡೂ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತೇ ಆಗಲ್ಲ.

ನೀಲಿಶಾಯಿ:
ಸರ್, ಸಿಕ್ತು ಸಿಕ್ತು. ಏಳು ನಲವತ್ತಕ್ಕೆ ಹೋಯ್ತು. ಹೇಳಿದ ಹಾಗೆ ಕೈ ಕಟ್ಕೊಂಡು ಕೂತೆ, ಏನೂ ಮುಟ್ಟಲಿಲ್ಲ. ಮೊದಲನೇ ಕಿಟಕಿ, ಅಂದ್ರೆ ರೂಟರ್ದು, ನಿಲ್ಲದೇ ಉತ್ತರ ಬರ್ತಾನೇ ಇತ್ತು, 2 ಮಿಲಿಸೆಕೆಂಡ್, 3 ಮಿಲಿಸೆಕೆಂಡ್ ಹೀಗೆ. ಎರಡನೇದು 8.8.8.8 ಅದು ನಿಂತೋಯ್ತು. ಮೂರನೇದೂ ನಿಂತೋಯ್ತು. ಹನ್ನೊಂದು ನಿಮಿಷ ಆದ್ಮೇಲೆ ಆ ಎರಡೂ ತಾವಾಗೇ ಸರಿಹೋದ್ವು.

ಅಂಗಳದಗುಬ್ಬಿ:
ಆಯ್ತಲ್ಲ, ರೂಟರ್ ತನಕ ಚೆನ್ನಾಗಿದೆ, ಹೊರಗೆ ಹೋಗ್ತಿಲ್ಲ. ಅಂದ್ಮೇಲೆ ಲೈನ್‌ದೇ ತೊಂದರೆ. ಇದರ ಫೋಟೋ ತೆಗೆದು ಕಂಪ್ಲೇಂಟ್ ಜೊತೆ ಕಳಿಸಿ.

ಹಳೇಕೀಬೋರ್ಡ್:
ಹೌದು, 8.8.8.8ಕ್ಕೇ ಹೋಗ್ತಿಲ್ಲ ಅಂದ್ರೆ ಡಿಎನ್‌ಎಸ್ ಅಲ್ಲ ಅಂತ ಒಪ್ಕೋತೀನಿ. ನಂಬರಿಗೆ ನೇರವಾಗಿ ಹೋಗೋವಾಗ ಹೆಸರು ಹುಡುಕೋ ಕೆಲಸವೇ ಬರಲ್ಲ.

ತಾಮ್ರದತಂತಿ:
ನಾನೂ ಮೊದಲು ಲೈನ್ ಅಂತಾನೇ ಅಂದ್ಕೊಂಡೆ, ಆದ್ರ ಒಂದು ಸಂಗತಿ ತಲಿಯೊಳಗ ಕೊರೀತಾ ಅದ. ಮೇಡಂ, 'ನಿಂತೋಯ್ತು' ಅಂದ್ರಿ, ಆ ಕಿಟಕಿಯೊಳಗ ಖರೇ ಏನು ಬರದಿತ್ತು? 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂತಿತ್ತೋ, 'ಡೆಸ್ಟಿನೇಶನ್ ನೆಟ್ ಅನ್‌ರೀಚಬಲ್' ಅಂತಿತ್ತೋ? ಎರಡೂ ಒಂದೇ ಅಲ್ಲ. ಟೈಮ್ಡ್ ಔಟ್ ಅಂದ್ರ ಕಾಗದ ಹಾಕಿದೆ, ಉತ್ತರ ಬರಲಿಲ್ಲ, ಎಲ್ಲಿ ಕಳೀತೋ ಗೊತ್ತಿಲ್ಲ. ಅನ್‌ರೀಚಬಲ್ ಅಂದ್ರ ನಡುವ ಯಾರೋ ಒಬ್ಬರು ಕಾಗದ ಕೈಗೆ ತಗೊಂಡು, ಈ ಊರಿಗೆ ಹೋಗೋ ದಾರಿ ನನಗ ಗೊತ್ತಿಲ್ಲ ಅಂತ ವಾಪಸ್ ಕೊಟ್ಟಾರ. ಯಾರು ವಾಪಸ್ ಕೊಟ್ಟರು ಅನ್ನೋದೂ ಆ ಸಾಲಿನಾಗೇ ಇರ್ತದ.

ಇನ್ನೂ ಮೂರು ನೋಡ್ರಿ. ಹೋದಾಗ ಗೋಡೆ ಮ್ಯಾಲಿನ ಫೈಬರ್ ಪೆಟ್ಟಿಗಿಯೊಳಗ ಎಲ್‌ಒಎಸ್ ಅನ್ನೋ ದೀಪ ಕೆಂಪಗ ಆಗ್ತದೋ? ಕೆಂಪಾದ್ರ ಬೆಳಕೇ ಬರ್ತಾ ಇಲ್ಲ ಅಂತ ಅರ್ಥ, ಅದು ಲೈನ್ ತೊಂದರೆ, ನಮ್ಮ ಕೈಯಾಗಿನ ಮಾತಲ್ಲ. ಎರಡನೇದು, ಫೋನಿನ್ಯಾಗ ಮೊಬೈಲ್ ಡೇಟಾ ಪೂರ್ತಿ ಬಂದ್ ಮಾಡಿ ವೈಫೈ ಮ್ಯಾಲೆ ಮಾತ್ರ ನೋಡ್ರಿ. ವೈಫೈಯೊಳಗ ನೆಟ್ ಇಲ್ಲ ಅಂತ ಗೊತ್ತಾದ್ರ ಫೋನ್ ನಿಮಗ ಹೇಳದೇ ಸುಮ್ಮನೆ ಮೊಬೈಲ್ ಡೇಟಾಕ್ಕ ಹೋಗಿಬಿಡ್ತದ, ನೀವು ವೈಫೈ ಚಲೋ ಅದ ಅಂದ್ಕೋತೀರಿ. ಮೂರನೇದು, ಕಂಪ್ಯೂಟರಿಗೆ ಒಂದು ಲ್ಯಾನ್ ಕೇಬಲ್ ಹಾಕಿ ನೋಡ್ರಿ, ಕೇಬಲ್ ಮ್ಯಾಲೂ ಹೋಯ್ತು ಅಂದ್ರ ವೈಫೈ ಮಾತು ಬಿಟ್ಟುಬಿಡೋಣ.

ನೀಲಿಶಾಯಿ:
ಎರಡು ಸಂಜೆ ನೋಡಿ ಬರೀತಿದೀನಿ, ಅದಕ್ಕೇ ತಡ ಆಯ್ತು.

ದೀಪ ಕೆಂಪಾಗಿಲ್ಲ, ಹಸಿರೇ ಇತ್ತು, ಎರಡೂ ದಿನ. ಕೇಬಲ್ ಹಾಕಿದ್ರೂ ಅದೇ ಪಾಡು, ನಿನ್ನೆ ಏಳು ಐವತ್ತಕ್ಕೆ ಹೋಯ್ತು. ಫೋನ್ ವಿಷಯ ನೀವು ಹೇಳಿದ್ದು ನಿಜ ಸರ್, ಮೊಬೈಲ್ ಡೇಟಾ ಆಫ್ ಮಾಡಿದ್ರೆ ಫೋನಲ್ಲೂ ನೆಟ್ ಇಲ್ಲ! ಮೂರು ವಾರ ಫೋನ್ ನೋಡಿ ನೋಡಿ ಕಂಪ್ಯೂಟರನ್ನ ಬೈದಿದೀನಿ ನಾನು.

ಕಿಟಕಿಯಲ್ಲಿ ಬಂದಿದ್ದನ್ನ ಇದ್ದ ಹಾಗೇ ಬರೀತೀನಿ. ಎರಡನೇ ಕಿಟಕಿ: 'ರಿಪ್ಲೈ ಫ್ರಮ್ 192.168.1.1: ಡೆಸ್ಟಿನೇಶನ್ ನೆಟ್ ಅನ್‌ರೀಚಬಲ್'. ಇದೇ ಸಾಲು ಪುಟಗಟ್ಟಲೆ. ಮೊದಲನೇ ಕಿಟಕಿಯಲ್ಲಿ ಉತ್ತರ ಬರ್ತಾನೇ ಇತ್ತು, ಆದ್ರೆ ಕೊನೇಲಿ ಟಿಟಿಎಲ್ ಅಂತ ಒಂದು ಇರುತ್ತಲ್ಲ, ಅದು ಚೆನ್ನಾಗಿರೋವಾಗ 64 ಇತ್ತು, ಹೋದಾಗ 255 ಆಗಿತ್ತು. ಅದೇನು ಅಂತ ನಂಗೊತ್ತಿಲ್ಲ, ಬೇರೆ ಕಾಣಿಸ್ತು ಅಂತ ಬರೆದೆ.

ಇನ್ನೊಂದು ವಿಚಿತ್ರ. ಹೋದಾಗ ರೂಟರ್ ಪೇಜ್ ತೆಗೆದು ನೋಡೋಣ ಅಂತ ಬ್ರೌಸರಲ್ಲಿ 192.168.1.1 ಹಾಕ್ದೆ. ಪೇಜ್ ಬಂತು, ಪಾಸ್‌ವರ್ಡ್ ಹಾಕಿದ್ರೆ ತಪ್ಪು ಅಂತು. ಮೂರು ಸಲ ಹಾಕ್ದೆ, ಮೂರು ಸಲಾನೂ ತಪ್ಪು. ಬೆಳಿಗ್ಗೆ ಅದೇ ಪಾಸ್‌ವರ್ಡ್ ತಗೊಳ್ತು. ಮತ್ತೆ ಬೆಳಿಗ್ಗೆ ಆ ಪೇಜಿನ ಮೇಲ್ಗಡೆ ಪಟ್ಟಿ ನೀಲಿ ಇತ್ತು, ರಾತ್ರಿ ಹಸಿರು ಇದ್ದ ಹಾಗೆ ನೆನಪು.

ಹಳೇಕೀಬೋರ್ಡ್:
ಮೇಡಂ ನನಗೆ ಭಯ ಆಗ್ತಿದೆ, ಯಾರಾದ್ರೂ ರೂಟರ್ ಹ್ಯಾಕ್ ಮಾಡಿದಾರಾ ಅಂತ. ಪಾಸ್‌ವರ್ಡ್ ಬದಲಾಗೋದು, ಪೇಜ್ ಬೇರೆ ಕಾಣೋದು, ಇದೆಲ್ಲ ಸಾಮಾನ್ಯ ಅಲ್ಲ. ವೈಫೈ ಪಾಸ್‌ವರ್ಡ್ ಈಗ್ಲೇ ಬದಲಾಯಿಸಿ.

ತಾಮ್ರದತಂತಿ:
ಹ್ಯಾಕ್ ಅಲ್ರಿ. ಮೇಡಂ, ನಿಮ್ಮ ಮನಿಯೊಳಗ ಎರಡು ರೂಟರ್ ಅದಾವ. ಮತ್ತ ಎರಡೂ ತಮ್ಮ ನಂಬರ್ 192.168.1.1 ಅಂತ ಹೇಳ್ಕೊಳ್ತಾ ಅದಾವ.

ಯಾಕ ಅಂದ್ರ, ನೀವು ಬರದ ಒಂದೊಂದು ಸಾಲೂ ಅದನ್ನೇ ಹೇಳ್ತದ. ಟಿಟಿಎಲ್ ಅನ್ನೋದು ಉತ್ತರ ಕೊಡೋ ಸಾಧನ ತಾನೇ ಹಾಕಿ ಕಳಿಸೋ ಸಂಖ್ಯೆ, ಕೆಲವು 64ರಿಂದ ಶುರು ಮಾಡ್ತಾವ, ವಿಂಡೋಸ್ 128ರಿಂದ, ಇನ್ನ ಕೆಲವು 255ರಿಂದ. ಒಂದೇ ರೂಟರ್ ಹಗಲಿಗೆ 64, ರಾತ್ರಿಗೆ 255 ಹೇಳೂದಿಲ್ಲ. ಪೇಜಿನ ಬಣ್ಣ ಬ್ಯಾರೆ, ಪಾಸ್‌ವರ್ಡ್ ಬ್ಯಾರೆ, ಅಂದ ಮ್ಯಾಲೆ ಪೆಟ್ಟಿಗಿನೂ ಬ್ಯಾರೆ. ಮತ್ತ ಆ 'ನೆಟ್ ಅನ್‌ರೀಚಬಲ್', ನಿಮ್ಮ ಖರೇ ರೂಟರಿಗೆ ಹೊರಗ ಹೋಗೋ ದಾರಿ ಅದ, ದೀಪಾನೂ ಹಸಿರದ, ಅದು ಯಾಕ ದಾರಿ ಇಲ್ಲ ಅಂದೀತು? ದಾರಿ ಇಲ್ಲ ಅನ್ನೋದು ಫೈಬರ್ ಹಾಕದೇ ಇರೋ ಇನ್ನೊಂದು ರೂಟರ್.

ಖಾತ್ರಿ ಮಾಡ್ಕೋಬೇಕಂದ್ರ ಇಷ್ಟ ಮಾಡ್ರಿ. ನೆಟ್ ಇದ್ದಾಗ ಎಆರ್‌ಪಿ -ಎ ಅಂತ ಹೊಡೀರಿ, 192.168.1.1ರ ಎದುರಿಗೆ ಎರಡೆರಡು ಅಕ್ಷರ ಆರು ಜೋಡಿ ಇರೋ ಒಂದು ವಿಳಾಸ ಬರ್ತದ, ಅದು ಆ ಪೆಟ್ಟಿಗಿಯ ಹುಟ್ಟು ಗುರುತು, ಮ್ಯಾಕ್ ಅಡ್ರೆಸ್ ಅಂತಾರ. ಬರದಿಟ್ಕೊಳ್ರಿ. ಹೋದಾಗ ಮತ್ತ ಹೊಡೀರಿ. ಬ್ಯಾರೆ ಬಂತು ಅಂದ್ರ ಮುಗೀತು. ಹಳೇ ರೂಟರ್ ಏನಾದರೂ ವೈಫೈ ದೂರ ಹೋಗಲಿ ಅಂತ ಎಲ್ಲ್ಯಾರ ಹಾಕೀರೇನು? ಅದು ಸಂಜೆ ಮಾತ್ರ ಚಾಲೂ ಆಗ್ತದೇನು?

ನೀಲಿಶಾಯಿ:
ಸರ್ ಓದ್ತಾ ಓದ್ತಾ ಮೈ ಜುಮ್ ಅಂತು. ಇದೆ. ಮಹಡಿ ಮೇಲೆ ಮಗಳು ಓದೋ ರೂಮಲ್ಲಿ ಹಳೇ ರೂಟರ್ ಇದೆ, ಕೆಳಗಿನ ರೂಟರಿಂದ ಕೇಬಲ್ ಎಳೆದು ಹಾಕಿರೋದು, ಎರಡು ವರ್ಷದಿಂದ ಇದೆ, ಅದರ ಯೋಚನೇನೇ ನನಗೆ ಬಂದಿರಲಿಲ್ಲ ಯಾಕಂದ್ರೆ ಇಷ್ಟು ದಿನ ಯಾವ ತೊಂದರೇನೂ ಇರಲಿಲ್ಲ. ಅವಳ ಟೇಬಲ್ ಲ್ಯಾಂಪ್ ಮತ್ತೆ ಆ ರೂಟರ್ ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಲ್ಲಿದೆ. ಅವಳು ಏಳು ಗಂಟೆಗೆ ಓದೋಕೆ ಕೂತು ಬೋರ್ಡ್ ಸ್ವಿಚ್ ಹಾಕ್ತಾಳೆ, ಹತ್ತೂವರೆಗೆ ಆಫ್ ಮಾಡಿ ಮಲಗ್ತಾಳೆ!

ಎಆರ್‌ಪಿ ಹೊಡೆದೆ. ನೆಟ್ ಇದ್ದಾಗ ಕೊನೇ ಎರಡು ಜೋಡಿ 70-18. ಹೋದಾಗ 52-94. ಮಹಡಿಗೆ ಓಡಿ ಹೋಗಿ ಹಳೇ ರೂಟರ್ ತಲೆಕೆಳಗೆ ಮಾಡಿ ಸ್ಟಿಕ್ಕರ್ ನೋಡಿದೆ, ಧೂಳು ಒರೆಸಿದ್ರೆ ಅಲ್ಲಿ 52-94 ಅಂತಾನೇ ಇದೆ. ಮಗಳನ್ನ ಕೇಳ್ದೆ, ಮೂರು ವಾರದ ಹಿಂದೆ ಮಾಮ ಬಂದಿದ್ದಾಗ ಅದು ಹ್ಯಾಂಗ್ ಆಗಿದೆ ಅಂತ ಪಿನ್ ಚುಚ್ಚಿ ರಿಸೆಟ್ ಮಾಡಿ, ವೈಫೈ ಹೆಸರು ಪಾಸ್‌ವರ್ಡ್ ಮತ್ತೆ ಹಾಕಿಕೊಟ್ಟ ಅಂದ್ಲು. ತಮ್ಮ ಒಳ್ಳೇದಕ್ಕೇ ಮಾಡಿದ್ದು ಪಾಪ. ಈಗ ಸದ್ಯಕ್ಕೆ ಅದನ್ನ ಆಫ್ ಮಾಡಿದೀನಿ, ಒಂದು ಗಂಟೆಯಿಂದ ನೆಟ್ ಹೋಗಿಲ್ಲ.

ತಾಮ್ರದತಂತಿ:
ಹಂಗಾರ ಎಲ್ಲಾ ಕೂಡಿ ಬಂತು. ಎರಡು ವರ್ಷದ ಹಿಂದ ಹಾಕಿದವರು ಅದರ ನಂಬರ್ ಬದಲಿ ಮಾಡಿ, ವಿಳಾಸ ಹಂಚೋ ಕೆಲಸ ಬಂದ್ ಮಾಡಿ ಬರೇ ವೈಫೈ ಕೊಡೋ ಹಾಂಗ ಮಾಡಿದ್ರು. ರಿಸೆಟ್ ಮಾಡಿದ ಕೂಡಲೇ ಅದು ಫ್ಯಾಕ್ಟರಿಯಿಂದ ಬಂದ ದಿನದ ಹಾಂಗ ಆತು, ನಂಬರ್ ಮತ್ತ 192.168.1.1, ಡಿಎಚ್‌ಸಿಪಿ, ಅಂದ್ರ ಆ ವಿಳಾಸ ಹಂಚೋ ಕೆಲಸ, ಚಾಲೂ. ನಿಮ್ಮ ಕಂಪ್ಯೂಟರ್ ಹೊರಗ ಏನೇ ಕಳಿಸಬೇಕಂದ್ರೂ ಮೊದಲು '192.168.1.1 ಯಾರು' ಅಂತ ಕೂಗಿ ಕೇಳ್ತದ. ಹಗಲಿಗೆ ಒಬ್ಬರೇ ಓ ಅಂತಾರ. ಸಂಜಿಗೆ ಇಬ್ಬರು ಓ ಅಂತಾರ. ಯಾರ ಉತ್ತರ ನಂಬ್ತು ಅನ್ನೋದರ ಮ್ಯಾಲೆ ನಿಮ್ಮ ನೆಟ್. ಸ್ವಲ್ಪ ಹೊತ್ತಿಗೆ ಆ ನೆನಪು ಹಳೇದಾಗಿ ಮತ್ತ ಕೇಳ್ತದ, ಅದಕ್ಕ ತಾನಾಗೇ ಬರೋದು, ತಾನಾಗೇ ಹೋಗೋದು. ತನ್ನ ನಂಬರನ್ನೇ ಇನ್ನೊಬ್ಬರು ಇಟ್ಕೊಂಡ್ರ ವಿಂಡೋಸ್ ಹೇಳ್ತದ, ಆದ್ರ ರೂಟರ್ ನಂಬರ್ ಎರಡಾದ್ರ ಅದಕ್ಕ ತಿಳಿಯೂದಿಲ್ಲ.

ಸರಿ ಮಾಡೋದು ಹಿಂಗ. ಮಹಡಿ ರೂಟರಿಗೆ ಕೆಳಗಿಂದ ಬಂದ ಕೇಬಲ್ ಕಿತ್ತುಬಿಡ್ರಿ. ಕಂಪ್ಯೂಟರಿನ ವೈಫೈ ಬಂದ್ ಮಾಡಿ, ಕೇಬಲ್ ಹಾಕಿ ಮಹಡಿ ರೂಟರ್ ಒಂದಕ್ಕೇ ಸೇರಿಸ್ರಿ. 192.168.1.1 ತೆಗೆದು, ಸ್ಟಿಕ್ಕರ್ ಮ್ಯಾಲಿನ ಪಾಸ್‌ವರ್ಡ್ ಹಾಕಿ, ಲ್ಯಾನ್ ಸೆಟ್ಟಿಂಗ್ಸಿನ್ಯಾಗ ಐಪಿ 192.168.1.2 ಮಾಡಿ ಸೇವ್ ಮಾಡ್ರಿ. ರೂಟರ್ ಮತ್ತ ಚಾಲೂ ಆದ ಮ್ಯಾಲೆ 192.168.1.2 ಅಂತ ಹಾಕಿ ಒಳಗ ಹೋಗಿ ಆಮ್ಯಾಲೆ ಡಿಎಚ್‌ಸಿಪಿ ಸರ್ವರ್ ಬಂದ್ ಮಾಡ್ರಿ. ಕೊನೆಗೆ ಕೆಳಗಿನ ಕೇಬಲ್ ವಾಪಸ್ ಹಾಕುವಾಗ ಹಳದಿಯೋ ಕಪ್ಪೋ ನಾಲ್ಕು ಒಂದೇ ಬಣ್ಣದ್ದು ಇರ್ತಾವಲ್ಲ, ಆ ಲ್ಯಾನ್ ಪೋರ್ಟಿಗೆ ಹಾಕ್ರಿ, ಬ್ಯಾರೆ ಇರೋ ವ್ಯಾನ್ ಪೋರ್ಟಿಗೆ ಬ್ಯಾಡ. ಕೆಳಗಿನ ರೂಟರಿನ್ಯಾಗ ಡಿಎಚ್‌ಸಿಪಿ ಪಟ್ಟಿ ಎಲ್ಲಿಂದ ಶುರು ಅದ ನೋಡ್ರಿ, 192.168.1.2ರಿಂದಾನೇ ಶುರು ಇದ್ರ 20ರಿಂದ ಮಾಡ್ರಿ, ಇಲ್ಲಾಂದ್ರ ನಾಳೆ ಆ 2 ಯಾರದೋ ಫೋನಿಗೆ ಹೋಗಿ ಮತ್ತ ಜಗಳ ಶುರು ಆಗ್ತದ.

ಮೂರನೇಮೆಟ್ಟಿಲು:
ಒಂದು ಸೇರಿಸ್ತೀನಿ. ಎರಡೂ ರೂಟರಿನ 2.4 ಗಿಗಾಹರ್ಟ್ಸ್ ಚಾನೆಲ್ ಒಂದೇ ಇಡಬೇಡಿ. ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11. ಈ ಮೂರು ಮಾತ್ರ ಒಂದರ ಮೇಲೊಂದು ಬೀಳಲ್ಲ, 3, 4 ಅಂತ ಇಟ್ರೆ ಎರಡೂ ಕಡೆ ತೊಂದರೆ. ಮತ್ತೆ ಎರಡು ರೂಟರ್ ನಡುವೆ ಒಂದೇ ಕೇಬಲ್ ಇರಲಿ, ಇನ್ನೊಂದು ಹೆಚ್ಚಿಗೆ ಹಾಕಿದ್ರೆ ಸುತ್ತು ಬಿದ್ದು ಇಡೀ ಮನೆ ನೆಟ್ ನಿಲ್ಲುತ್ತೆ.

ನೀಲಿಶಾಯಿ:
ಸರ್ ಸಿಕ್ಕಾಕ್ಕೊಂಡೆ. ಅವಸರದಲ್ಲಿ ಮೊದಲು ಡಿಎಚ್‌ಸಿಪಿ ಆಫ್ ಮಾಡಿಬಿಟ್ಟೆ, ರೂಟರ್ ರೀಸ್ಟಾರ್ಟ್ ಆಯ್ತು, ಈಗ ಯಾವ ಪೇಜೂ ತೆರೀತಿಲ್ಲ. ಐಪಿಕಾನ್ಫಿಗ್ ನೋಡಿದ್ರೆ ಕಂಪ್ಯೂಟರ್ ವಿಳಾಸ 169.254 ಅಂತ ಏನೋ ಬಂದಿದೆ, ಗೇಟ್‌ವೇ ಖಾಲಿ. ಮತ್ತೆ ರಿಸೆಟ್ ಮಾಡ್ಲಾ?

ತಾಮ್ರದತಂತಿ:
ರಿಸೆಟ್ ಬ್ಯಾಡ್ರಿ, ಏನೂ ಹಾಳಾಗಿಲ್ಲ. ವಿಳಾಸ ಕೊಡೋರು ಯಾರೂ ಸಿಗದೇ ಹೋದ್ರ ವಿಂಡೋಸ್ ತಾನೇ 169.254ರಿಂದ ಶುರು ಆಗೋದೊಂದು ಇಟ್ಕೊಳ್ತದ. ಈಗ ಆ ಕೊಡೋರನ್ನ ನೀವೇ ಬಂದ್ ಮಾಡೀರಿ, ಅದಕ್ಕ ಬಂದದ. ಇಥರ್‌ನೆಟ್ ಸೆಟ್ಟಿಂಗ್ಸಿಗೆ ಹೋಗಿ ಐಪಿ ಮ್ಯಾನುವಲ್ ಮಾಡಿ, ಐಪಿವಿ4 ಚಾಲೂ ಮಾಡಿ 192.168.1.50 ಹಾಕ್ರಿ, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1. ಪೇಜ್ ತೆರೀತದ. ಐಪಿ 2 ಮಾಡಿ ಸೇವ್ ಮಾಡ್ರಿ. ಕೆಲಸ ಮುಗಿದ ಮ್ಯಾಲೆ ಕಂಪ್ಯೂಟರನ್ನ ಮರೀದೇ ವಾಪಸ್ ಆಟೋಮ್ಯಾಟಿಕ್ ಮಾಡ್ರಿ.

ಬೆಳಗಿನಜಾವ:
ಮೂರನೇಮೆಟ್ಟಿಲು ಸರ್, ಡಿಸ್ಕ್ ದೂರ ಇಟ್ಟು ನೋಡ್ದೆ, ಕಟ್ ಆಗೋದು ಕಮ್ಮಿ ಆಯ್ತು ಆದ್ರೆ ಪೂರ್ತಿ ನಿಲ್ಲಲಿಲ್ಲ. ಇವತ್ತು 5 ಗಿಗಾಹರ್ಟ್ಸಿಗೆ ಹಾಕಿ ಪೂರ್ತಿ ಬ್ಯಾಕಪ್ ತಗೊಂಡೆ, ಎರಡೂವರೆ ಗಂಟೆ, ಪಿಂಗ್ ಓಡಿಸಿಟ್ಟಿದ್ದೆ, ಒಂದೂ ತಪ್ಪಿಲ್ಲ. ಪವರ್ ಮ್ಯಾನೇಜ್‌ಮೆಂಟ್ ಟಿಕ್ ಇನ್ನೂ ಮುಟ್ಟಿಲ್ಲ, ಬೇಕಾಗಲ್ಲ ಅನ್ಸುತ್ತೆ.

ಅಂಗಳದಗುಬ್ಬಿ:
ನಾನು ಲೈನ್ ತೊಂದರೆ ಅಂತ ಅಷ್ಟು ಖಚಿತವಾಗಿ ಹೇಳಿಬಿಟ್ಟಿದ್ದೆ, ತಪ್ಪಾಯ್ತು ಮೇಡಂ. ನಮ್ಮನೆ ಟೈಮರ್ ತೆಗೆದು ಇವತ್ತು ಸಂಜೆಯಿಂದ ನಾನೂ ಮೂರು ಕಿಟಕಿ ಇಟ್ಟು ನೋಡ್ತೀನಿ. ನಮ್ಮಲ್ಲಿ ಎಲ್‌ಒಎಸ್ ದೀಪ ಆಗಾಗ ಕೆಂಪು ಮಿನುಗಿದ್ದು ನೋಡಿದ ನೆನಪು ಇದೆ.

ತಾಮ್ರದತಂತಿ:
ಮಿನುಗಿದ್ರ ಗಂಟೆ ನಿಮಿಷ ಬರದಿಡ್ರಿ ಸರ್, ಮತ್ತ ಆ ತೆಳು ಫೈಬರ್ ವೈರ್ ಎಲ್ಲ್ಯಾರ ಬಾಗಿಲ ಸಂದಿಯೊಳಗ ಸಿಕ್ಕೊಂಡದೋ, ಮೊಳೆಗೆ ಬಿಗಿಯಾಗಿ ಸುತ್ತಿ ಮಡಚಿದೋ ನೋಡ್ರಿ. ತಾಮ್ರದ ತಂತಿ ಮಡಚಿದ್ರ ನಡೀತದ, ಫೈಬರ್ ಬಿಗಿ ಮಡಚಿದ್ರ ಬೆಳಕು ಸೋರಿ ಹೋಗ್ತದ. ನೀವೇ ಎಳೆದು ಸರಿ ಮಾಡ್ಲಿಕ್ಕೆ ಹೋಗಬ್ಯಾಡ್ರಿ, ತುದಿಯೊಳಗ ಕಣ್ಣಿಟ್ಟು ನೋಡಬ್ಯಾಡ್ರಿ, ಅವರನ್ನ ಕರೀರಿ. ನಿಮ್ಮಲ್ಲಿ ಖರೇನೇ ಲೈನ್ ತೊಂದರೆ ಇರಬಹುದು.

ನೀಲಿಶಾಯಿ:
ಐದು ದಿನ ಆದ್ಮೇಲೆ ಬರೀತಿದೀನಿ, ಬೇಕು ಅಂತಾನೇ ಕಾದೆ. ಮಹಡಿ ರೂಟರ್ ಈಗ 192.168.1.2, ಡಿಎಚ್‌ಸಿಪಿ ಆಫ್, ಕೇಬಲ್ ಲ್ಯಾನ್ ಪೋರ್ಟಲ್ಲಿ. ಕೆಳಗಿನ ರೂಟರ್ ಪಟ್ಟಿ ನಿಜವಾಗ್ಲೂ 2ರಿಂದ ಶುರು ಇತ್ತು, 20 ಮಾಡ್ದೆ. ಚಾನೆಲ್ ಕೆಳಗೆ 1, ಮೇಲೆ 11. ಐದೂ ಸಂಜೆ ಪಿಂಗ್ ಓಡಿಸಿಟ್ಟು ಅದರ ಪಕ್ಕದಲ್ಲೇ ಕೆಲಸ ಮಾಡ್ದೆ, ಏಳು ಗಂಟೆಗೆ ಮೇಲೆ ಸ್ವಿಚ್ ಹಾಕಿದ ಸದ್ದು ಕೇಳಿದಾಗೆಲ್ಲ ಕಣ್ಣು ಕಿಟಕಿ ಕಡೆಗೇ ಹೋಗ್ತಿತ್ತು. ಟಿಟಿಎಲ್ 64, 64, 64, ಒಂದು ಸಲಾನೂ 255 ಬಂದಿಲ್ಲ. ನಿನ್ನೆ ರಾತ್ರಿ ಹತ್ತೂ ಇಪ್ಪತ್ತಕ್ಕೆ ದೊಡ್ಡ ಫೈಲ್ ಒಂದೇ ಏಟಿಗೆ ಹೋಯ್ತು.

ಎರಡೂ ರೂಟರ್ ಮೇಲೆ ಒಂದೊಂದು ಚೀಟಿ ಅಂಟಿಸಿದೀನಿ, ನಂಬರ್, ಪಾಸ್‌ವರ್ಡ್, ಕೇಬಲ್ ಯಾವ ಪೋರ್ಟಿಗೆ ಅಂತ ಬರೆದು. ಮೇಲಿನದ್ದಕ್ಕೆ ಕೆಂಪು ಇಂಕಲ್ಲಿ 'ರಿಸೆಟ್ ಮಾಡಿದ್ರೆ ಅಕ್ಕನಿಗೆ ಹೇಳು' ಅಂತಾನೂ ಬರೆದಿದೀನಿ. ತಾಮ್ರದತಂತಿ ಸರ್, ನಿಮ್ಮ ಉಪಕಾರ ಮರೆಯಲ್ಲ.

ತಾಮ್ರದತಂತಿ:
ಚಲೋ ಆತ್ರಿ ಮೇಡಂ. ಟಿಟಿಎಲ್ 255 ಆಗಿತ್ತು ಅಂತ ಅರ್ಥ ಗೊತ್ತಿಲ್ಲದಿದ್ರೂ ಬರದ್ರಲ್ಲ, ಅದಿಲ್ಲದಿದ್ರ ನಾನೂ ನಿಮ್ಮನ್ನ ಮೂರನೇ ಸಲ ಕಂಪ್ಲೇಂಟ್ ಕೊಡ್ರಿ ಅಂತಾನೇ ಕಳಿಸ್ತಿದ್ದೆ. ಆ ಚೀಟಿ ಮ್ಯಾಲೆ ಮ್ಯಾಕ್ ಅಡ್ರೆಸ್ಸಿನ ಕೊನೇ ನಾಲ್ಕು ಅಂಕಿನೂ ಬರದುಬಿಡ್ರಿ, ಸ್ಟಿಕ್ಕರ್ ಅಕ್ಷರ ಬಿಸಿಗೆ ಮಾಸಿ ಹೋಗ್ತಾವ.